ಭಾವನ ಬಂದ್ ಗುಂಡಿ

ಹೊಸ ರಿಮೋಟಿಗೆ ಒಂದು ವಾಸನೆ ಇರ್ತದೆ, ನೀವೂ ನೋಡಿರ್ತೀರಿ. ಚಪ್ಪಲಿ ಅಂಗಡಿ ಒಳಗೆ ಹೊಕ್ಕ ಹಾಗೆ. ಮೊನ್ನೆ ಕಾರವಾರದಿಂದ ಅಂಕೋಲೆಗೆ ಹೋಗೂ ಬಸ್ಸಲ್ಲಿ ಅದನ್ನ ಮೂಗಿಗೆ ಹಿಡಕೊಂಡು ಕೂತಿದ್ದೆ. ಬಾಜೂ ಕೂತ ಹೆಂಗಸು ಮೀನಿನ ಬುಟ್ಟಿ ಎತ್ತಿಕೊಂಡು ಕಿಟಕಿ ಕಡೆ ಸರಿದಳು.

ಅಂಗಡಿಯವನು ಪ್ಲಾಸ್ಟಿಕ್ ಕವರ್ ತೆಗೀಬೇಡಿ, ಉಪ್ಪುಗಾಳಿ ತಿಂತದೆ ಅಂತ ಎಚ್ಚರಿಸಿ ಕೊಟ್ಟಿದ್ದ. ನಮ್ಮ ಕಡೆ ಯಾರ ಮನೆಗೆ ಹೋದ್ರೂ ರಿಮೋಟ್ ಪ್ಲಾಸ್ಟಿಕ್ ಒಳಗೇ ಇರ್ತದೆ, ಮೇಲೊಂದು ರಬ್ಬರ್ ಬ್ಯಾಂಡು. ಆದ್ರೂ ಒಳಗಿನ ಸ್ಪ್ರಿಂಗಿಗೆ ತುಕ್ಕು ಹಿಡೀತದೆ, ನಡೀದೆ ಇದ್ದಾಗ ಅಂಗೈಗೆ ಎರಡು ಬಡೀತೇವೆ, ಮತ್ತೆ ನಡೀತದೆ. ಇದು ನಮ್ಮ ಪದ್ಧತಿ. ನಾನು ಮಾತ್ರ ಆ ಕವರನ್ನ ಬಸ್ಸಲ್ಲೇ ಹರಿದು ಹಾಕಿದೆ. ಯಾಕೆ ಅಂದ್ರೆ ಅಂಕೋಲೆ ಬಾಜೂ ಕೇಣಿಯಲ್ಲಿರೂ ಭಾವನ ಕತೆ ಹೇಳಬೇಕಾಗ್ತದೆ. ಸ್ವಲ್ಪ ಕೂತ್ಕೊಳ್ಳಿ, ನಾನು ಒಂದೇ ಬೆರಳಲ್ಲಿ ಟೈಪ್ ಮಾಡೂ ಮನುಷ್ಯ.

ಭಾವ ಅಂದ್ರೆ ನನ್ನ ಅಕ್ಕನ ಗಂಡ. ದೋಣಿಯ ತಾಂಡೇಲ. ಬಲೆ ಎಲ್ಲಿ ಬಿಡಬೇಕು, ಯಾವಾಗ ತಿರುಗಬೇಕು ಅಂತ ಹೇಳೂದು ಅವನೇ. ಅವನು ದಂಡೆಯಲ್ಲಿ ನಿಂತು ಕೂಗಿದ್ರೆ ನೀರಲ್ಲಿದ್ದವರು ತಿರುಗಿ ನೋಡ್ತಿದ್ರು. ಕೆಲವು ವರ್ಷದ ಹಿಂದೆ ಅವನಿಗೆ ಲಕ್ವಾ ಹೊಡೀತು. ಬಲಗೈ ಬಲಗಾಲು ಎರಡೂ ಹೋಯ್ತು, ಮಾತು ತೊದಲಾಯ್ತು. ದೋಣಿಯವರೆಲ್ಲ ಸೇರಿ ಅವನ ಮಂಚದ ಮೇಲೆ ಒಂದು ರಿಮೋಟ್ ಫ್ಯಾನ್ ಹಾಕಿಸಿಕೊಟ್ರು. ಪ್ರೀತಿಯಿಂದಲೇ ಕೊಟ್ಟದ್ದು.

ತೊಂದರೆ ಎಂತ ಅಂದ್ರೆ ರಿಮೋಟಿನ ಗುಂಡಿಗಳು ಅವಲಕ್ಕಿ ಕಾಳಿನಷ್ಟು. ಭಾವನ ಎಡಗೈ ನಡುಗ್ತದೆ. ಒಂದು ಒತ್ತಲಿಕ್ಕೆ ಹೋದ್ರೆ ಮೂರು ಬೀಳ್ತದೆ. ಫ್ಯಾನ್ ಬಿರುಗಾಳಿ ಹಾಗೆ ತಿರುಗಿ ದೇವರ ಫೋಟೋದ ಹೂ ಹಾರಿ ಹೋಗ್ತದೆ. ಭಾವ ರಿಮೋಟ್ ಎಸೀತಾನೆ, ಅಕ್ಕ ಹೆಕ್ಕಿ ತಾನೇ ಒತ್ತುತ್ತಾಳೆ. ನೋಡ್ಲಿಕ್ಕೆ ಬಂದ ನೆಂಟರೊಬ್ಬರು, ನಿಂಗ್ಯಾಕೆ ರಿಮೋಟು, ಒತ್ತಲಿಕ್ಕೆ ಹೆಂಡತಿ ಇದ್ದಾಳಲ್ಲ ಅಂದ್ರು. ಭಾವ ಬಾಯಿ ಸರಿಮಾಡ್ಕೊಂಡು ನಿಧಾನಕ್ಕೆ ಕೇಳಿದ:

"ಅವಳೆಂತ ಫ್ಯಾನಿನ ಸ್ವಿಚ್ಚನಾ?"

ನೆಂಟರು ಚಾ ಕುಡೀದೆ ಎದ್ದರು. ನನಗೆ ಅವತ್ತೇ ಗೊತ್ತಾಯ್ತು, ಇವನಿಗೆ ಬೇಕಾದದ್ದು ಗಾಳಿ ಅಲ್ಲ. ಯಾರನ್ನೂ ಕೇಳದೆ ಒಂದು ಕೆಲಸ ತಾನೇ ಮಾಡೂದು ಬೇಕು.

ಆಮೇಲೆ ಮತ್ತೊಬ್ಬರು ಮಾತು ಕೇಳೂ ಡಬ್ಬಿ ತಂದ್ರು. ಬಾಯಲ್ಲಿ ಹೇಳಿದ್ರೆ ಸಾಕು, ಫ್ಯಾನ್ ತಿರುಗ್ತದೆ. ಭಾವ ಹೇಳಿದ. ಡಬ್ಬಿಯೊಳಗಿನ ಹೆಂಗಸು ಬಹಳ ಮರ್ಯಾದೆಯಿಂದ, ಕ್ಷಮಿಸಿ, ಅರ್ಥ ಆಗಲಿಲ್ಲ ಅಂದಳು. ಮತ್ತೆ ಹೇಳಿದ. ಮತ್ತೆ ಕ್ಷಮಿಸಿ. ನೀರಿನಾಚೆ ಮುಟ್ಟುತ್ತಿದ್ದ ಆ ದನಿ ಮಂಚದ ಬಾಜೂ ಇಟ್ಟ ಡಬ್ಬಿಗೆ ಮುಟ್ಟಲಿಲ್ಲ. ಭಾವ ಗೋಡೆ ಕಡೆ ಮುಖ ತಿರುಗಿಸಿದ. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ.

ನನ್ನ ಓದಿನ ಬಗ್ಗೆ ಹೇಳಿಬಿಡ್ತೇನೆ, ಇಲ್ಲಾಂದ್ರೆ ನೀವು ನನ್ನನ್ನ ಇಂಜಿನಿಯರ್ ಅಂದ್ಕೊಳ್ತೀರಿ. ಮೀಸೆ ಬೆಳ್ಳಗಾಗೂ ಹೊತ್ತಿಗೆ ಎಸ್ಸೆಲ್ಸಿ ಪರೀಕ್ಷೆಗೆ ಕೂತವನು. ಮಗಳನ್ನ ಬಿಟ್ಟಾಯ್ತಲ್ಲ, ಹೊರಗೆ ನಡೀರಿ ಅಂತ ಮಾಸ್ತರರು ನನ್ನನ್ನ ಎಬ್ಬಿಸಿದ್ರು. ಹಾಲ್ ಟಿಕೆಟ್ ತೋರಿಸಿ ಮತ್ತೆ ಕೂತೆ. ಈಗ ಕಾರವಾರದ ಒಂದು ಆಫೀಸಲ್ಲಿ ಅಟೆಂಡರ್. ಕಂಪ್ಯೂಟರ್ ಕಲಿತದ್ದು ಅಲ್ಲೇ, ಎಲ್ಲರೂ ಮನೆಗೆ ಹೋದ ಮೇಲೆ.

ರಿಮೋಟಿನ ತುದಿಯಲ್ಲಿ ಒಂದು ಸಣ್ಣ ದೀಪ ಇದೆ. ಅದರ ಬೆಳಕು ನಮ್ಮ ಕಣ್ಣಿಗೆ ಕಾಣೂದಿಲ್ಲ. ಮೊಬೈಲ್ ಕ್ಯಾಮರಾದಲ್ಲಿ ನೋಡಿದ್ರೆ ನೇರಳೆ ಬಣ್ಣದಲ್ಲಿ ಮಿಣಮಿಣ ಮಾಡ್ತದೆ. ಅಕ್ಕನಿಗೆ ತೋರಿಸಿದಾಗ, ಇಷ್ಟು ದಿನ ಇದು ಕದ್ದು ಮಾತಾಡ್ತಿತ್ತು ಹಂಗಾರೆ ಅಂದಳು. ಕದ್ದು ಮಾತಾಡೂದೇ. ಅದನ್ನ ಕೇಳಲಿಕ್ಕೆ ಒಂದು ಮೂರು ಕಾಲಿನ ಕರೀ ಸೆನ್ಸರು, ಅಂಗೈ ಅಗಲದ ಕಂಪ್ಯೂಟರ್ ಬೋರ್ಡು, ಅದರೊಳಗೆ ಪುಕ್ಕಟೆ ಸಿಗೂ ಸಾಫ್ಟ್‌ವೇರು. ಒಂದು ಸಾಫ್ಟ್‌ವೇರು ದೀಪ ಎಷ್ಟು ಹೊತ್ತು ಹೊತ್ತಿತು, ಎಷ್ಟು ಹೊತ್ತು ಆರಿತು ಅಂತ ಅಂಕಿ ಸುರೀತದೆ. ಇನ್ನೊಂದು, ಗುಂಡಿ ಒತ್ತಿ ಅಂತ ಹೇಳಿ, ಆ ಗುಂಡಿಯ ಗುರುತು ಉಳಿಸ್ಕೊಳ್ತದೆ. ಗುರುತು ಸಿಕ್ಕಿದ್ರೆ ನಾವೇ ಬೇರೆ ದೀಪದಿಂದ ಅದೇ ಮಾತು ಆಡಿಸಬಹುದು, ಎಷ್ಟು ದೊಡ್ಡ ಗುಂಡಿ ಬೇಕಾದ್ರೂ ಇಟ್ಕೊಬಹುದು. ಕಾರವಾರದ ಅಂಗಡಿಯವನು ನಕ್ಕ. ಇದೆಲ್ಲ ಕಂಪನಿಯವರ ಕೆಲಸ, ನಿಮ್ಮಿಂದ ಆಗೂದಲ್ಲ ಅಂದ. ಸಾಮಾನು ಕಟ್ಟಿಸ್ಕೊಂಡು ಬಸ್ಸು ಹತ್ತಿದೆ.

ಆಗಲೇ ಇಲ್ಲ, ಅದೂ ಖರೆ. ನಾನು ಸ್ಕ್ರೀನಿಗೆ ಮುಖ ಇಟ್ಟು ಕೂರೂದು, ಹಿಂದಿನಿಂದ ಅಕ್ಕ ಗುಂಡಿ ಒತ್ತೂದು. ಬರೂ ಅಂಕಿ ಎಲ್ಲ ಅರ್ಧಂಬರ್ಧ. ಗುರುತು ಹತ್ತಲಿಲ್ಲ ಅಂತ ಸಾಫ್ಟ್‌ವೇರೂ ಆ ಡಬ್ಬಿಯ ಹೆಂಗಸಿನ ಹಾಗೆ ತಿರುಗಿ ತಿರುಗಿ ಹೇಳ್ತು. ಬಿಸಿಲಿನ ತಪ್ಪು ಅಂತ ಕಿಟಕಿ ಮುಚ್ಚಿದೆ. ಟ್ಯೂಬ್‌ಲೈಟಿನ ತಪ್ಪು ಅಂತ ಅದನ್ನೂ ಆರಿಸಿದೆ. ಸೆನ್ಸರೇ ಬದಲಿಸಿದೆ. ಭಾನುವಾರಗಳು ಹೀಗೇ ಹೋದ್ವು. ಆಮೇಲೊಂದು ದಿನ ಮಂಚದ ಮೇಲಿಂದ ಭಾವ ಅಕ್ಕನಿಗೆ ಹೇಳಿದ:

"ಹೊಡೀಬೇಡ ಅದಕ್ಕೆ."

ತಿರುಗಿ ನೋಡಿದೆ. ಅಕ್ಕ ಪ್ರತಿ ಸಲ ಒತ್ತೂ ಮೊದಲು ರಿಮೋಟನ್ನ ಅಂಗೈಗೆ ಎರಡು ಬಡೀತಿದ್ದಳು. ಆ ಬಡಿಯೂ ಸದ್ದು ನಾನು ಕೇಳಿಯೂ ಕೇಳಿರಲಿಲ್ಲ. ಹುಟ್ಟಿದಾಗಿಂದ ಕೇಳಿದ ಸದ್ದು ಅಲ್ಲವೋ. ಬಡಿದ ಹೊಡೆತಕ್ಕೆ ತುಕ್ಕು ಹಿಡಿದ ಸ್ಪ್ರಿಂಗಿನ ಮೇಲೆ ಸೆಲ್ಲು ಅಲ್ಲಾಡಿ, ಮಾತು ಅರ್ಧಕ್ಕೇ ತುಂಡಾಗ್ತಿತ್ತು. ಫ್ಯಾನು ಹೇಗೋ ಸಂಭಾಳಿಸ್ಕೊಳ್ತಿತ್ತು, ಸಾಫ್ಟ್‌ವೇರು ಒಪ್ಪಲಿಲ್ಲ.

"ಹೊಡೀದೆ ಇದ್ರೆ ಇದು ಎಲ್ಲಿ ಕೇಳ್ತದೆ?" ಅಂದಳು ಅಕ್ಕ.

"ಹೊಡೆದದ್ದಕ್ಕೇ ಕೇಳೂದಿಲ್ಲ" ಅಂದ ಭಾವ.

ಪ್ಲಾಸ್ಟಿಕ್ ಬಿಚ್ಚಿದೆ, ಒಳಗೆ ಹೊಕ್ಕ ಉಪ್ಪುಗಾಳಿಯನ್ನ ಅದೇ ಹಿಡಿದಿಟ್ಟಿತ್ತು. ಸ್ಪ್ರಿಂಗನ್ನ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿದೆ. ಅಂಕಿಗಳು ಸಾಲಾಗಿ ಬಂದು ನಿಂತ್ವು.

ಯಾವ ಗುಂಡಿ ಮೊದಲು ಅಂತ ಭಾವನನ್ನ ಕೇಳಿದೆ. ಚಾಲು ಮಾಡೂದು ಅಂತಾನೆ ಅಂದ್ಕೊಂಡಿದ್ದೆ. ಅವನು ಬಂದ್ ಅಂದ. ಸೆಕೆಗಾಲದಲ್ಲಿ ಬಂದ್ ಎಂತಕ್ಕೆ ಅಂತ ನಾವಿಬ್ರೂ ಮುಖ ನೋಡ್ಕೊಂಡೆವು. ಆದ್ರೂ ಹಲಗೆಗೆ ದೊಡ್ಡ ಕಾಲಿಂಗ್‌ಬೆಲ್ ಸ್ವಿಚ್ಚು ಕೂರಿಸಿ, ಅಂಗೈಯಲ್ಲಿ ಗುದ್ದಿದ್ರೂ ನಡೀಬೇಕು ಹಾಗೆ ಮಾಡಿ ಎಡಬದಿಗೆ ಇಟ್ಟೆ. ಭಾವ ಒತ್ತಿದ. ಫ್ಯಾನು ನಿಧಾನ ಆಗ್ತಾ ಆಗ್ತಾ ನಿಂತಿತು. ಗುಂಯ್ ಅನ್ನೂ ಸದ್ದು ಹೋದ ಮೇಲೆ ದೂರದಲ್ಲಿ ದೋಣಿಯ ಇಂಜಿನ್ ಕೇಳಿತು. ಭಾವ ಕಣ್ಣು ಮುಚ್ಚಿದ. ಯಾರ ದೋಣಿ ಅಂತ ಹೇಳಿದ. ಭಾರ ಇಲ್ಲ, ಇವತ್ತು ಮೀನು ಬಿದ್ದಿಲ್ಲ ಅಂತಲೂ ಹೇಳಿದ.

ಅಷ್ಟು ದಿನ ಅವನು ದೋಣಿ ತಿರುಗಿ ಬರೂದನ್ನ ಕೇಳಿರಲಿಲ್ಲ. ಬಂದವರೆಲ್ಲ ಪಾಪ ಸೆಕೆ ಅಂತ ಫ್ಯಾನ್ ಹಾಕಿ ಹೋಗ್ತಿದ್ರು. ಮಲಗಿದವನಿಗೆ ಎಲ್ಲರೂ ಎಂತಾದ್ರೂ ಕೊಡ್ತಾರೆ ಮಾರಾಯ್ರೆ, ಬೇಡ ಅನ್ನೂ ಗುಂಡಿ ಯಾರೂ ಕೊಡೂದಿಲ್ಲ.

ಅಕ್ಕ ಸೆರಗಿನಲ್ಲಿ ಗಾಳಿ ಹಾಕ್ಕೊಂಡು ರಿಮೋಟಿನಿಂದ ಚಾಲು ಮಾಡಿದಳು. ಭಾವ ಬಂದ್ ಮಾಡಿದ. ಅವಳು ಮತ್ತೆ ಚಾಲು, ಇವನು ಮತ್ತೆ ಬಂದ್. ಅಕ್ಕ ಬೈದಳು. ಲಕ್ವಾ ಹೊಡೆದ ಮೇಲೆ ಅವಳು ಗಂಡನಿಗೆ ಬೈದದ್ದು ಅದೇ ಮೊದಲು. ಭಾವನ ಮುಖ ನೋಡಬೇಕಿತ್ತು ನೀವು, ಬೈಗುಳ ತಿಂದು ಅಷ್ಟು ಖುಷಿಯಾದವರನ್ನ ನಾನು ನೋಡಿಲ್ಲ.

ಆ ಫ್ಯಾನು ಈ ವರ್ಷ ಸುಟ್ಟುಹೋಯ್ತು. ಹೊಸ ಫ್ಯಾನಿಗೆ ಹೊಸ ರಿಮೋಟು, ಹಳೇ ಗುರುತು ನಡೀಲಿಲ್ಲ. ಅಂಗಡಿಯವನು ಮಾತು ಕೇಳೂದೇ ತಗೊಳ್ಳಿ ಅಂದ. ಬೇಡ ಅಂದೆ.

ಮೊನ್ನೆ ಆ ಬಸ್ಸಿಳಿದು ಕೇಣಿಗೆ ಹೋಗಿ, ಹೊಸ ರಿಮೋಟಿನ ಗುರುತು ಹಿಡೀಲಿಕ್ಕೆ ಬೋರ್ಡು ತೆಗೆದಿಟ್ಟೆ. ಅಕ್ಕ ರಿಮೋಟ್ ಹಿಡಿದು ರೂಢಿಯ ಮೇಲೆ ಕೈ ಎತ್ತಿದಳು, ಗಂಡನ ಕಡೆ ನೋಡಿ ಕೈ ಇಳಿಸಿದಳು. ಈ ಸಲ ಮೊದಲು ಯಾವುದು ಅಂತ ನಾನು ಕೇಳಲಿಲ್ಲ, ಬಂದ್ ಗುಂಡಿಯ ಗುರುತೇ ಹಿಡಿದೆ. ದೋಣಿ ಬರೂ ಹೊತ್ತಿಗೆ ಭಾವ ಫ್ಯಾನ್ ನಿಲ್ಲಿಸಿದ. ನಾನು ಅಂಗಿಯಲ್ಲಿ ಮುಖ ಒರೆಸ್ಕೊಂಡದ್ದು ಅವನಿಗೆ ಕಂಡಿತು.

"ಸೆಕೆ ಆದ್ರೆ ಹೊರಗೆ ಕೂತ್ಕೊಳಾ" ಅಂದ.

ಹೋಗಲಿಲ್ಲ. ಅಲ್ಲೇ ಕೂತು ಕೇಳಿದೆ, ಯಾವ ದೋಣಿ ಅಂತ ನನಗೆ ತಿಳೀಲಿಲ್ಲ. ಈಗ ಕಾರವಾರದ ನನ್ನ ಖೋಲಿಯಲ್ಲಿ ಇದನ್ನ ಟೈಪ್ ಮಾಡ್ತಾ ಇದ್ದೇನೆ. ಫ್ಯಾನ್ ಬಂದ್ ಇದೆ. ಬೆವರು ಕೀಬೋರ್ಡಿನ ಮೇಲೆ ಬೀಳ್ತಾ ಇದೆ. ಬಂದರಿನ ಕಡೆಯಿಂದ ಒಂದು ಇಂಜಿನ್ ಸದ್ದು ಬರ್ತಾ ಇದೆ.