ನನ್ನ ಬದಲು ನಡೆದವರು

ಅಮೆರಿಕದ ಮೆಟುಚೆನ್ ಊರಿನಲ್ಲಿ ನನ್ನ ಪಕ್ಕದ ಮನೆಯಲ್ಲಿ ಧಾರವಾಡದ ಆಂಟಿಯೊಬ್ಬರಿದ್ದರು. ಗಂಡ ತೀರಿಕೊಂಡ ಮೇಲೆ ಅವರು ಯಾರ ಮನೆಯ ಶುಭಕಾರ್ಯಕ್ಕೂ ಹೋದವರಲ್ಲ. ಕರೆದರೆ, “ನಂದೇನದ ಬಿಡವಾ” ಎನ್ನುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ಅಮೆರಿಕದ ಹುಡುಗನನ್ನು ಚರ್ಚಿನಲ್ಲಿ ಮದುವೆಯಾದೆ. ವಧು ಚರ್ಚಿನ ಬಾಗಿಲಿನಿಂದ ವರನವರೆಗೆ ನಡೆದು ಬರುವುದಕ್ಕೆ ಹಿಂದಿನ ದಿನ ರಿಹರ್ಸಲ್ ಇತ್ತು. ಅದರಲ್ಲಿ ವಧುವೇ ನಡೆದರೆ ಕೆಡುಕಂತೆ, ಬೇರೆ ಯಾರಾದರೂ ನಡೆಯಲಿ ಎಂದರು ಅವನ ತಾಯಿ. ನಾನು ಆಂಟಿಯ ಬಳಿಗೆ ಓಡಿದೆ.

“ನಾ ನಡದ್ರ ಅಪಶಕುನ ಆಗ್ತದವಾ.”

“ಅಮ್ಮ ಈ ಮದುವೆಗೆ ಬರೋಲ್ಲ ಅಂದ್ಬಿಟ್ಟಿದ್ದಾರೆ. ನನಗೆ ಇನ್ಯಾರಿದ್ದಾರೆ ಆಂಟಿ?”

ಚರ್ಚಿನಲ್ಲಿ ಆಂಟಿ ರಿಹರ್ಸಲ್‌ಗೆಂದು ರಿಬ್ಬನ್ನಿನಲ್ಲಿ ಕಟ್ಟಿದ್ದ ಹೂಗುಚ್ಛ ಹಿಡಿದು, ತಲೆ ತಗ್ಗಿಸಿಕೊಂಡೇ ಹೊರಟರು. ಅರ್ಧ ದಾರಿಯಲ್ಲಿ ಮೆಲ್ಲಗೆ ತಲೆ ಎತ್ತಿದರು. ಎದುರಿಗೆ ನಿಂತಿದ್ದ ನನ್ನ ಹುಡುಗ ಬಾಗಿ ಕೈ ಚಾಚಿದ. ಆಂಟಿ ನಾಚಿ, ಗುಚ್ಛವನ್ನು ಅವನ ಕೈಗಿಟ್ಟು, ನನ್ನತ್ತ ತಿರುಗಿ ಕೂಗಿದರು:

“ದಾರಿ ಚಲೋ ಅದ ನೋಡವಾ! ನಾಳೆ ನೀ ಹೆದರಲಾರದ ಬಾ.”