ಟೆಲಿಫೋನ್ ಆಂಟಿಯ ಕಿವಿ

ಅವರ ನೆತ್ತಿಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಕೂದಲು ಸವೆದು ಒಂದು ಗೆರೆ ಬಿದ್ದಿತ್ತು. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ದಿನ ಅದು ಇನ್ನೂ ಎದ್ದು ಕಾಣುತ್ತಿತ್ತು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಸೆಟ್ ಹೊತ್ತ ಗುರುತು. ಯಾರಾದರೂ ಕೇಳಿದರೆ "ಸರ್ವಿಸ್ ಮೆಡಲ್ಲು" ಎನ್ನುತ್ತಿದ್ದರು, ನಗದೆ.

ಚಾಮರಾಜಪೇಟೆಯಲ್ಲಿ ಅವರದು ಕೆಳಗಿನ ಮನೆ, ನಮ್ಮದು ಮೇಲಿನದು. ಬೀದಿಗೆಲ್ಲ ಅವರು ಟೆಲಿಫೋನ್ ಆಂಟಿ. ನಾನಾಗ ಡಿಗ್ರಿ ಎರಡನೇ ವರ್ಷ. ತಂತಮ್ಮ ಮನೆಯಲ್ಲಿ ಕೂತ ಕಾಲೇಜಿನ ನಾಲ್ವರು ಗೆಳೆಯರ ಜೊತೆ, ಹೆಡ್‌ಸೆಟ್‌ನಲ್ಲಿ ಮಾತಾಡಿಕೊಂಡು, ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದೆ. ನನ್ನ ಕೂಗಾಟ ಕೆಳಗಿನ ಮನೆಗೂ ಕೇಳುತ್ತಿತ್ತು. ಒಂದು ಮಧ್ಯಾಹ್ನ ಆಂಟಿ ಮೆಟ್ಟಿಲು ಹತ್ತಿ ಬಂದರು.

"ಜಗಳಕ್ಕೆ ಬಂದಿಲ್ಲ ಕಣೇ. ನೀನು ಮಾತಾಡೋ ರೀತಿ ಸರಿಯಿಲ್ಲ, ಅಷ್ಟೇ. 'ಅಲ್ಲಿದಾನೆ, ಅಲ್ಲಿದಾನೆ' ಅಂದ್ರೆ ಆ ಕಡೆಯವರಿಗೆ ಏನ್ ಗೊತ್ತಾಗ್ಬೇಕು? ಮೊದಲು ಜಾಗ ಹೇಳು. ಆಮೇಲೆ ಎಷ್ಟು ಜನ ಅಂತ ಹೇಳು. ಆಮೇಲೆ ಬಾಯ್ಮುಚ್ಕೊಂಡು ಕೇಳಿಸ್ಕೋ."

ನನ್ನ ಗೇಮಿಂಗ್ ಹೆಡ್‌ಸೆಟ್ ಇಸಿದುಕೊಂಡು, ತಮಗೆ ಬಾಯಿಪಾಠವಾಗಿದ್ದ ಒಂದು ಪಿಟೀಲು ಕಛೇರಿ ಹಾಕಿಸಿ ಕೇಳಿದರು. ಎರಡೇ ನಿಮಿಷಕ್ಕೆ ತೆಗೆದರು. "ಮೃದಂಗ ಮುಂದೆ ಬಂದು ಕೂತ್ಬಿಟ್ಟಿದೆ. ಪಿಟೀಲು ಪಕ್ಕದ ಬೀದಿಲಿದೆ. ಇದರಲ್ಲಿ ನೀನು ಎದುರಾಳಿ ಹೆಜ್ಜೆ ಸದ್ದು ಹೇಗೆ ಕೇಳ್ತೀಯಾ?"

ಮರುವಾರ ನನ್ನನ್ನೂ ಕರೆದುಕೊಂಡು ಹೆಡ್‌ಫೋನ್ ಅಂಗಡಿಗೆ ಹೋದರು. ಅಂಗಡಿಯವರು ಬಣ್ಣದ ದೀಪ ಉರಿಯುವ ಹೆಡ್‌ಸೆಟ್ ಎತ್ತಿಕೊಟ್ಟು, "ಮೊಮ್ಮಗನಿಗಾ ಮೇಡಂ?" ಎಂದರು. "ನನಗೇ. ದೀಪ ಇಲ್ಲದ್ದು ತೋರಿಸಿ," ಎಂದರು ಆಂಟಿ. ಒಂದೊಂದನ್ನೇ ಹಾಕಿ, ಕಣ್ಣುಮುಚ್ಚಿ, ಅದೇ ಪಿಟೀಲು ಕೇಳಿದರು. ಕೊನೆಗೆ ಸಿಕ್ಕಿದ್ದು ಓಪನ್ ಬ್ಯಾಕ್ ಹೆಡ್‌ಫೋನ್. ಅದರ ಬಟ್ಟಲುಗಳ ಹೊರಬದಿ ಮುಚ್ಚಿರುವುದಿಲ್ಲ, ಬರೀ ಜಾಲರಿ. ಗಾಳಿಯೂ ಸದ್ದೂ ಒಳಗೆ ಹೊರಗೆ ಆಡುತ್ತವೆ. ಆಂಟಿ ಅದನ್ನು ತಲೆಯಿಂದ ತೆಗೆಯಲೇ ಇಲ್ಲ. "ಇವ್ರು ನನ್ನ ತಲೆ ಒಳಗೆ ನುಡಿಸ್ತಿಲ್ಲ ಕಣೇ," ಎಂದರು ಮೆಲ್ಲಗೆ. "ಎದುರಿಗೆ ಕೂತಿದಾರೆ."

ಮನೆಯಲ್ಲಿ ಆಟಕ್ಕೂ ಅದನ್ನೇ ಹಾಕಿ ನೋಡಿದೆವು. ನಾನು ಆಡುತ್ತಿದ್ದೆ, ಅವರು ಪರದೆಗೆ ಬೆನ್ನು ಹಾಕಿ ಹೆಡ್‌ಫೋನಿನಲ್ಲಿ ಕೇಳುತ್ತಿದ್ದರು. "ಎಡಗಡೆ. ಮೇಲಿನ ಮಹಡಿ. ಒಬ್ಬ. ಮರದ ಮೆಟ್ಟಿಲು." ಒಂದೂ ತಪ್ಪಲಿಲ್ಲ. ಹಾಡಿಗೂ ಇದೇ, ಆಟಕ್ಕೂ ಇದೇ ಎಂದು ತೀರ್ಪು ಕೊಟ್ಟರು. ಅದಕ್ಕೆ ಮೈಕ್ ಇರಲಿಲ್ಲ; ನಾನು ಮೇಜಿನ ಮೇಲೊಂದು ಮೈಕ್ ಇಟ್ಟುಕೊಂಡು ಅವರ ಹೆಡ್‌ಫೋನಿನಲ್ಲೇ ಆಡತೊಡಗಿದೆ. ಗೆಲ್ಲತೊಡಗಿದೆ ಕೂಡ.

ಬಸವನಗುಡಿಯ ಒಂದು ಸಭಾಂಗಣದಲ್ಲಿ ಕಾಲೇಜುಗಳ ನಡುವಿನ ಪಂದ್ಯ ನಡೆದಾಗ ಆಂಟಿ ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟು ಬಂದು ಮೂರನೇ ಸಾಲಿನಲ್ಲಿ ಕೂತರು. ಮೊದಲ ಆಟದಲ್ಲೇ ನಾವು ಹೀನಾಯವಾಗಿ ಸೋತೆವು. ಜನರ ಸಿಳ್ಳೆ, ಫ್ಯಾನಿನ ಗರಗರ, ಪಕ್ಕದ ಮೇಜಿನ ಕೂಗು ಎಲ್ಲ ಆ ಜಾಲರಿಯಿಂದ ನೇರ ನನ್ನ ಕಿವಿಗೆ ಬರುತ್ತಿದ್ದವು. ಒಂದು ಹೆಜ್ಜೆಯೂ ಕೇಳಿಸಲಿಲ್ಲ. ಬಿಡುವಿನಲ್ಲಿ ಆಂಟಿ ಎದ್ದು ಎಲ್ಲರ ಎದುರೇ ನಮ್ಮ ಮೇಜಿಗೆ ಬಂದರು.

"ನಾನು ಹೇಳಿದ್ದು ಮನೆಗೆ ಸರಿ, ಇಲ್ಲಿಗೆ ತಪ್ಪು. ತಪ್ಪು ನಂದು," ಎಂದು ಬಟ್ಟೆಚೀಲದಿಂದ ನನ್ನ ಹಳೆಯ ಗೇಮಿಂಗ್ ಹೆಡ್‌ಸೆಟ್ ತೆಗೆದರು. "ಎಕ್ಸ್‌ಚೇಂಜಲ್ಲಿ ನಲವತ್ತು ಜನ ಒಟ್ಟಿಗೆ ಮಾತಾಡ್ತಿದ್ವಿ. ಅಂಥ ಕಡೆ ಕಿವಿ ಮುಚ್ಚಿರ್ಬೇಕು, ಮೈಕು ಬಾಯಿ ಹತ್ರ ಇರ್ಬೇಕು. ಇದನ್ನ ಹಾಕ್ಕೋ."

ಯಾವುದಕ್ಕೂ ಇರಲಿ ಎಂದು ಅದನ್ನೂ ಚೀಲದಲ್ಲಿ ತಂದಿದ್ದರು, ನನಗೆ ಹೇಳದೆ.

"ಯಾರು ಮಗಾ ಇವರು?" ಎಂದ ನಮ್ಮ ತಂಡದವನೊಬ್ಬ.

"ನಮ್ಮ ಕೋಚು," ಎಂದೆ. ಆ ಮಾತು ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಆ ದಿನ ನಮಗೆ ಎರಡನೇ ಸ್ಥಾನ ಬಂತು. ಬೀದಿಯಲ್ಲಿ ಆಂಟಿ ಒಂದು ವಾರ ತರಕಾರಿಯವನನ್ನೂ ಬಿಡದೆ ಹೇಳಿದರು: "ನಮ್ಮ ಹುಡುಗಿ ಕಣಪ್ಪಾ. ಬರೀ ಕಿವಿಲೇ ಆಡಿದ್ದು."

ಕಿವಿಯಲ್ಲಿ ಆಡಿದ್ದೇ ನನಗೆ ಕೆಲಸವೂ ಆಯಿತು. ಆಟ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಶಬ್ದ ಪರೀಕ್ಷಿಸುವವಳಾಗಿ ಸೇರಿದೆ. ನಮ್ಮ ಮೊದಲ ಆಟ ಮುಗಿಯುವ ಹಂತಕ್ಕೆ ಬಂದಾಗ, ಮುಖ್ಯಸ್ಥೆಯ ಅನುಮತಿ ಪಡೆದು ಆಂಟಿಗೆ ತೋರಿಸಿ, ಕೇಳಿಸಿದೆ. ಆಗ ಅವರಿಗೆ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ದಿಂಬಿಗೆ ಒರಗಿ, ಹಾಡು ಕೇಳುವ ತಮ್ಮ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿದರು, ನನ್ನ ಗೇಮಿಂಗ್ ಹೆಡ್‌ಸೆಟ್ ಹಾಕಿ ಇನ್ನೊಮ್ಮೆ ಕೇಳಿದರು.

"ಚೆನ್ನಾಗಿದೆ. ಆದ್ರೆ ಆ ಮೂರನೇ ಬಾಗಿಲು ತೆಗೆದ್ಮೇಲೆ ಸದ್ದು ಬರ್ತಿದೆ. ಜೊತೆಗೇ ಬರ್ಬೇಕು."

ಐದು ಜನ ಪರೀಕ್ಷಕರು ಸರಿಯಿದೆ ಎಂದು ಬರೆದಿದ್ದ ಬಾಗಿಲು ಅದು. ಆ ಐವರಲ್ಲಿ ನಾನೂ ಒಬ್ಬಳು. ಅಳೆದು ನೋಡಿದೆವು. ರೆಪ್ಪೆ ಬಡಿಯುವಷ್ಟು ತಡವಿತ್ತು. ತಿದ್ದಿದೆವು.

ಆಟ ಹೊರಬರುವ ಹನ್ನೊಂದು ದಿನ ಮೊದಲು ಆಂಟಿ ತೀರಿಕೊಂಡರು. ಕೆಲಸಕ್ಕೆ ಮರಳಿದ ದಿನ ನಾನು ಮುಖ್ಯಸ್ಥೆಯ ಬಳಿ ಹೋಗಿ ಒಂದು ಹೆಸರು ಸೇರಿಸಬೇಕು ಎಂದು ಕೇಳಿದೆ. ಅವರು ಹೆಡ್‌ಫೋನ್ ಹಾಕಿ, ಆ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ, ಹೆಸರು ಟೈಪ್ ಮಾಡಿದರು. ಆಟ ಮುಗಿದ ಮೇಲೆ ಪರದೆಯ ಮೇಲೆ ಸಾಗುವ ಪಟ್ಟಿಯಲ್ಲಿ ಶಬ್ದ ಪರೀಕ್ಷಿಸಿದವರು ಆರು ಮಂದಿ. ಮೊದಲ ಹೆಸರು ಅವರದು. ನನ್ನದು ಆರನೆಯದು.