ಅಪ್ಪ ಒರೆಸಿದ ಗೆರೆಗಳು

ಅವಳ ಅಪ್ಪ ಕಟಿಂಗ್ ಮಾಸ್ಟರ್. ಅಂಗಿ ಕತ್ತರಿಸುವುದರಲ್ಲಿ ಆ ದರ್ಜಿಗಳ ಬೀದಿಗೇ ಎತ್ತಿದ ಕೈ. ಉಳಿದವರು ಐದು ಅಂಗಿ ತೆಗೆಯುವ ಬಟ್ಟೆಯಲ್ಲಿ ಅಪ್ಪ ಆರು ಎಬ್ಬಿಸುತ್ತಿದ್ದ. ಎರಡು ತೋಳುಗಳ ಬಾಗಿನ ನಡುವೆ ಉಳಿಯುವ ಜಾಗದಲ್ಲಿ ಕಾಲರಿನ ಒಳಪದರದ ತುಂಡನ್ನು ಓರೆಯಾಗಿ ಕೂರಿಸುವುದೇ ಅದರ ಗುಟ್ಟು. ಬಟ್ಟೆ ಹಾಸುವ ಮೊದಲು ಕಪ್ಪು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡುತ್ತಿದ್ದ. ಕೆಲಸ ಮುಗಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಜನ್ನು ಒರೆಸಿಬಿಡುತ್ತಿದ್ದ.

"ಎದುರಂಗಡಿಯವನದು ಕಾಗೆ ಕಣ್ಣು ಮಗಳೇ, ಗೆರೆ ಬಿಟ್ರೆ ಗಿರಾಕೀನೂ ಬಿಟ್ಟ ಹಾಗೆ" ಎನ್ನುತ್ತಿದ್ದ.

ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ಕಂಪ್ಯೂಟರ್ ಕಲಿತಳು. ಅಪ್ಪ ಕಾಯಿಲೆಯಿಂದ ಎದ್ದ ಮೇಲೆ ಕೈಯೇನೋ ಗಟ್ಟಿಯಾಗಿಯೇ ಇತ್ತು, ಅಂದಾಜು ತಪ್ಪತೊಡಗಿತು. ಬಟ್ಟೆ ಹಾಳಾದ ದಿನ ಅಪ್ಪ ಊಟ ಬಿಡುತ್ತಿದ್ದ. ಮಗಳು ಪಕ್ಕದಲ್ಲಿ ಕೂತು, ನೆನಪಿದ್ದಷ್ಟನ್ನು ಅವನ ಬಾಯಿಂದ ಹೊರಡಿಸಿ, ಒಂದು ಪ್ರೋಗ್ರಾಂ ಬರೆದಳು. ಅಳತೆ ಕೊಟ್ಟರೆ ಯಾವ ತುಂಡು ಎಲ್ಲಿ ಕೂರಬೇಕೆಂದು ಅದು ದಪ್ಪ ಗೆರೆಗಳಲ್ಲಿ ಕಾಗದಕ್ಕಿಳಿಸುತ್ತಿತ್ತು. ಆ ಗೆರೆಗಳ ಮೇಲೆ ಅಪ್ಪನ ಕತ್ತರಿ ಮತ್ತೆ ನೀರು ಹರಿದಂತೆ ಓಡಿತು. ಅವಳು ಅದನ್ನು ಬೀದಿಯ ಬೇರೆ ಅಂಗಡಿಗಳಿಗೂ ಕೊಟ್ಟಳು.

"ಜನ್ಮವೆಲ್ಲ ನಾನು ಒರೆಸಿದ್ದನ್ನ ನೀನು ಊರಿಗೆಲ್ಲ ಹಂಚಿದೆಯಲ್ಲೇ!" ಎಂದು ಅಪ್ಪ ರೇಗಿದ. ಆದರೆ ಅವನ ಕಣ್ಣು ನಗುತ್ತಿತ್ತು.

ಆಗ ಒಂದು ಕಂಪನಿಯ ನೋಟಿಸ್ ಬಂತು. ಕಂಪ್ಯೂಟರಿನಲ್ಲಿ ತುಂಡುಗಳನ್ನು ಹೀಗೆ ಕೂರಿಸುವ ವಿಧಾನದ ಪೇಟೆಂಟ್ ತಮ್ಮದು, ಎಲ್ಲ ಅಂಗಡಿಗಳಿಂದಲೂ ಪ್ರೋಗ್ರಾಂ ತೆಗೆಯಬೇಕು ಎಂದಿತ್ತು. ಅವಳು ವಕೀಲನಾಗಿದ್ದ ಸೋದರಮಾವನ ಬಳಿಗೆ ಓಡಿದಳು.

"ಅವರದ್ದೂ ಆಕಾಶದಿಂದ ಉದುರಿದ್ದಲ್ಲಮ್ಮ. ಜನ ಕೂರಿಸಿ ದುಡಿಸಿದ್ದಾರೆ. ಯಾರು ಬೇಕಾದ್ರೂ ಎತ್ಕೊಂಡು ಹೋಗ್ಬಹುದು ಅಂದ್ರೆ ಹೊಸದಕ್ಕೆ ಬಂಡವಾಳ ಹಾಕೋರು ಯಾರು?"

"ಯಂತ್ರಕ್ಕೆ ಹಕ್ಕು ಕೊಡ್ಲಿ ಮಾವ. ಇದು ಬರೀ ಲೆಕ್ಕ. ಲೆಕ್ಕಕ್ಕೂ ಬೇಲಿ ಹಾಕಿದ್ರೆ ನಮ್ಮಂಥೋರು ಕಾಲಿಡೋದೆಲ್ಲಿ?"

"ಆ ಜಗಳ ದೊಡ್ಡೋರಿಗೇ ಬಗೆಹರಿದಿಲ್ಲ. ನೀನು ಬರೆದದ್ದು ಅವರು ಪೇಟೆಂಟಿಗೆ ಅರ್ಜಿ ಹಾಕಿದ ಮೇಲೆ. ಅದಕ್ಕೂ ಮುಂಚೆ ಭಾವ ಹೀಗೆ ಮಾಡ್ತಿದ್ದದ್ದನ್ನ ಮನೆಯೋರಲ್ಲದೆ ಬೇರೆ ಯಾರಾದ್ರೂ ಕಣ್ಣಾರೆ ಕಂಡೋರಿದ್ರೆ ಕರ್ಕೊಂಡು ಬಾ. ಇದು ಅವರು ಹೊಸದಾಗಿ ಕಂಡುಹಿಡಿದದ್ದಲ್ಲ ಅಂತ ವಾದ ಮಾಡೋಕೆ ಒಂದು ಎಳೆಯಾದ್ರೂ ಸಿಗುತ್ತೆ."

ಅಪ್ಪ ಎಂದೂ ತುಳಿಯದ ಎದುರಂಗಡಿಯ ಹೊಸ್ತಿಲು ತುಳಿದ. ಮಗಳು ಹಿಂದೆ ನಿಂತಳು.

"ನನ್ನ ಗೆರೆ ನೀನು ನೋಡಿದ್ದೀಯ ಅಲ್ವೇನಪ್ಪಾ?"

ಎದುರಂಗಡಿಯವನು ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆಯೆತ್ತಿದ. "ಯಾವಾಗ ಬಂದ್ರೂ ಒದ್ದೆ ಬಟ್ಟೆ ಹಿಡ್ಕೊಂಡು ನಿಂತಿರ್ತಿದ್ದೆ. ನೋಡೋಕೆ ನೀನೆಲ್ಲಿ ಬಿಟ್ಟೆ? ಆರನೇ ಅಂಗಿ ಎಲ್ಲಿಂದ ಹುಟ್ಟುತ್ತೆ ಅಂತ ನಾನು ನಿದ್ದೆಗೆಟ್ಟಿದ್ದೀನಿ ಕಣೋ." ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. "ಸುಳ್ಳು ಹೇಳ್ಲಾ? ಹೇಳ್ತೀನಿ ಬೇಕಾದ್ರೆ."

"ಬೇಡ" ಎಂದ ಅಪ್ಪ.

ಮಗಳು ಅಂಗಡಿ ಅಂಗಡಿಗೆ ಹೋಗಿ ಪ್ರೋಗ್ರಾಂ ಅಳಿಸಿ ಬಂದಳು. ಅಪ್ಪನ ಅಂಗಡಿಯದು ಕೊನೆಗೆ. ಅವಳು ತಲೆಯೆತ್ತುವಷ್ಟರಲ್ಲಿ ಅಪ್ಪ ಸೀಮೆಸುಣ್ಣ ಹಿಡಿದು ಮೇಜಿಗೆ ಬಾಗಿದ್ದ. ಒಂದು ತೋಳು ಬಂತು, ಇನ್ನೊಂದು ತೋಳು ಬಂತು. ಕಾಲರಿನ ಗೆರೆ ತೋಳಿನ ಮೇಲೆ ಹತ್ತಿತು. ಮತ್ತೆ ಎಳೆದ. ಮತ್ತೆ ಹತ್ತಿತು.

"ಅಪ್ಪಾ, ಇರ್ಲಿ ಬಿಡು. ನಾಳೆ ನೋಡೋಣ."

ಅಪ್ಪ ಒದ್ದೆ ಬಟ್ಟೆ ತೆಗೆದುಕೊಂಡು, ಎದುರಂಗಡಿಯ ಕಡೆ ಒಮ್ಮೆ ನೋಡಿ, ಆ ತಪ್ಪು ಗೆರೆಗಳನ್ನೂ ಗುಟ್ಟಿನಂತೆಯೇ ನೀಟಾಗಿ ಒರೆಸಿದ.